ಹಳ್ಳಿ ಹುಡುಗರು ಒಪ್ಪುವುದಿಲ್ಲವಂತೆ

ಗೆಂಡೆಹಳ್ಳಿಯಲ್ಲಿ ಬೆಳಗಿನ ಐದೂವರೆಗೆ ರಸ್ತೆಯ ಮೇಲೆ ಕಾಣುವವರು ಎರಡೇ ಥರದ ಜನ. ಸಕ್ಕರೆ ಕಾಯಿಲೆಗೆ ಹೆದರಿ ನಡೆಯುವ ನನ್ನಂಥ ಮುದುಕರು, ಮತ್ತೆ ಮಿಲ್ಟ್ರಿಗೆ ಸೇರಬೇಕೆಂದು ಓಡುವ ಹುಡುಗರು. ಅಗ್ನಿವೀರ್ ರ‍್ಯಾಲಿಯಲ್ಲಿ 1.6 ಕಿಲೋಮೀಟರ್ ಓಡಿ ಮುಗಿಸಬೇಕು, ಸೆಕೆಂಡಿನ ಲೆಕ್ಕದಲ್ಲಿ ಅಂಕ. ಓಟ ಮುಗಿಸಿ ಟೀ ಅಂಗಡಿಯ ಕಟ್ಟೆಯ ಮೇಲೆ ಕೂತು ಅವರು ಬೆವರು ಒರೆಸಿಕೊಳ್ಳುವಾಗ ನಾನೂ ಹೋಗಿ ಸೇರಿಕೊಳ್ಳುತ್ತೇನೆ. ಮೂವತ್ತು ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟವನು ನಾನು. ಯಾರಾದರೂ ಒಂದು ಪ್ರಶ್ನೆ ಕೇಳದಿದ್ದರೆ ಟೀ ರುಚಿಸುವುದಿಲ್ಲ.

ಹೋದ ತಿಂಗಳು ಒಬ್ಬ ಕೇಳಿದ: "ಸಾ, ಗಂಡಸು ಗಂಡಸನ್ನೇ ಇಷ್ಟಪಡೋದು ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆಯಂತೆ. ಆದ್ರೂ ಮಿಲ್ಟ್ರೀಲಿ ಅಂಥೋರು ಇರಂಗಿಲ್ಲ ಅಂತಾರೆ. ಎರಡ್ರಲ್ಲಿ ಯಾವ್ದು ನಿಜ?"

ಪಕ್ಕದವರು ಕಿಸಕ್ಕನೆ ನಕ್ಕರು. ಕೇಳಿದವನು ನಗಲಿಲ್ಲ. ಎರಡೂ ನಿಜ ಕಣಪ್ಪ ಅಂದೆ. ಅದು ಹೇಗೆಂದು ಬಿಡಿಸಿ ಹೇಳುವಷ್ಟರಲ್ಲಿ ಬೇಲೂರಿನ ಬಸ್ಸು ಬಂತು, ಅರ್ಧ ಜನ ಎದ್ದು ಹೋದರು. ಅವತ್ತು ಉಳಿದುಹೋದ ಪಾಠವನ್ನು ಈಗ ಬರೆಯುತ್ತಿದ್ದೇನೆ. ಈ ವಿಷಯವನ್ನು ಮೊದಲ ಸಲ ಕೇಳುತ್ತಿರುವವರಿಗೂ ತಿಳಿಯುವಂತೆ ನಿಧಾನವಾಗಿಯೇ ಹೋಗೋಣ.

ಮೊದಲು ಪದಗಳು. ನಮ್ಮ ಪತ್ರಿಕೆಗಳು ಬಹಳ ಕಾಲದಿಂದ ‘ಸಲಿಂಗಕಾಮಿ’ ಎಂದು ಬರೆಯುತ್ತಿವೆ. ನನಗೆ ಆ ಪದ ಹಿಡಿಸುವುದಿಲ್ಲ. ಗಂಡು ಹೆಣ್ಣಿನ ಲಗ್ನಪತ್ರಿಕೆಯಲ್ಲಿ ಕಾಮದ ಹೆಸರೆತ್ತದ ನಾವು, ಇವರ ಮಾತು ಬಂದಾಗ ಮಾತ್ರ ಅದನ್ನೇ ಮುಂದೆ ತಂದು ಕೂರಿಸುತ್ತೇವೆ. ಒಬ್ಬ ಮನುಷ್ಯ ಯಾರನ್ನು ನೆನೆದು ಊಟ ಬಿಡುತ್ತಾನೆ, ಯಾರ ಫೋನಿಗೆ ಕಾಯುತ್ತಾನೆ, ಯಾರ ಜೊತೆ ಮುಪ್ಪಾಗಬೇಕೆಂದುಕೊಳ್ಳುತ್ತಾನೆ ಎಂಬುದೆಲ್ಲ ಇದರಲ್ಲಿ ಸೇರಿದೆ. ಅದಕ್ಕೆ ಸಲಿಂಗಪ್ರೇಮಿ ಎನ್ನುತ್ತೇನೆ. ಹುಡುಗರು ಹೇಳುವ ‘ಗೇ’ ಎಂದರೆ ಗಂಡಸರನ್ನು ಪ್ರೀತಿಸುವ ಗಂಡಸು, ‘ಲೆಸ್ಬಿಯನ್’ ಎಂದರೆ ಹೆಂಗಸರನ್ನು ಪ್ರೀತಿಸುವ ಹೆಂಗಸು. ಕನ್ನಡದಲ್ಲಿ ಇದನ್ನು ಸಂಕೋಚವಿಲ್ಲದೆ, ನೋವು ಮುಚ್ಚದೆ ಬರೆದವರು ಸಂಡೂರಿನ ವಸುಧೇಂದ್ರ. 2013ರಲ್ಲಿ ಬಂದ ಅವರ ‘ಮೋಹನಸ್ವಾಮಿ’ ಕಥಾಸಂಕಲನ ಸಿಕ್ಕಿದರೆ ಓದಿ. ನನ್ನ ಪಾಠಕ್ಕಿಂತ ಆ ಕಥೆಗಳು ಹೆಚ್ಚು ಕಲಿಸುತ್ತವೆ.

ಇನ್ನೊಂದು ಗೊಂದಲ ಇಲ್ಲೇ ತೀರಲಿ. ನಮ್ಮ ಕಡೆ ಈ ಮಾತೆತ್ತಿದರೆ ಸಂತೆಯಲ್ಲಿ, ರೈಲಿನಲ್ಲಿ ಕಾಣುವ ಮಂಗಳಮುಖಿಯರು ನೆನಪಾಗುತ್ತಾರೆ. ಅದು ಬೇರೆ ವಿಷಯ. ‘ನಾನು ಗಂಡೋ ಹೆಣ್ಣೋ’ ಎನ್ನುವುದು ಒಂದು ಪ್ರಶ್ನೆ, ‘ನನಗೆ ಯಾರ ಮೇಲೆ ಪ್ರೀತಿ’ ಎನ್ನುವುದು ಇನ್ನೊಂದು. ಸೇನೆಯಲ್ಲಿರುವ ಸಲಿಂಗಪ್ರೇಮಿ ಗಂಡಸು ತಾನು ಗಂಡಸೆಂಬುದರಲ್ಲಿ ಯಾವ ಅನುಮಾನವನ್ನೂ ಇಟ್ಟುಕೊಂಡಿರುವುದಿಲ್ಲ. ಪಕ್ಕದ ಮಂಚದಲ್ಲಿ ಮಲಗಿದವನ ಹಾಗೆಯೇ ಮೀಸೆ ತಿರುವುತ್ತಾನೆ, ಬೂಟಿಗೆ ಪಾಲಿಶ್ ಹಾಕುತ್ತಾನೆ, ಮೆಸ್ಸಿನ ದಾಲ್ ತಿಂದು ಬೈಯುತ್ತಾನೆ. ನೋಡಿದರೆ ಗೊತ್ತಾಗುವಂಥದ್ದು ಏನೂ ಇಲ್ಲ. ಎಲ್ಲ ತಕರಾರೂ ಇರುವುದು ಅವನು ಬಾಯಿಬಿಟ್ಟು ಹೇಳಿಕೊಳ್ಳಬಹುದೇ ಎಂಬುದರಲ್ಲಿ.

ಈಗ ಕಾನೂನು. ಬ್ರಿಟಿಷರು 1860ರಲ್ಲಿ ಬರೆದ ಭಾರತೀಯ ದಂಡ ಸಂಹಿತೆಯಲ್ಲಿ 377 ಎಂಬ ಸೆಕ್ಷನ್ ಇತ್ತು. ಪ್ರಕೃತಿಯ ನಿಯಮಕ್ಕೆ ವಿರುದ್ಧವಾದ ಸಂಭೋಗಕ್ಕೆ ಜೀವಾವಧಿಯವರೆಗೂ ಶಿಕ್ಷೆ. 2009ರಲ್ಲಿ ದೆಹಲಿ ಹೈಕೋರ್ಟು ಇದರ ಹಲ್ಲು ಕಿತ್ತಿತು, 2013ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಹಲ್ಲು ಕಟ್ಟಿಸಿಕೊಟ್ಟಿತು. ಆಮೇಲೆ ತಿರುವು ಬಂದದ್ದು ನಮ್ಮ ರಾಜ್ಯದ ಒಬ್ಬ ಹಿರಿಯರಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಕಾರ್ಡಿನ ವಿರುದ್ಧ ಹೂಡಿದ ದಾವೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 24 ಆಗಸ್ಟ್ 2017ರಂದು ಖಾಸಗಿತನ ಮೂಲಭೂತ ಹಕ್ಕು ಎಂದಿತು, ಯಾರನ್ನು ಪ್ರೀತಿಸುತ್ತೇವೆ ಎಂಬುದೂ ಅದರೊಳಗೆ ಸೇರಿದೆ ಎಂದಿತು. ಆಧಾರ್ ಕಾರ್ಡಿನ ಜಗಳ ಇಲ್ಲಿಗೆ ಬಂದು ಮುಟ್ಟುತ್ತದೆಂದು ಆಗ ಎಷ್ಟು ಜನ ಎಣಿಸಿದ್ದರೋ. ಮರುವರ್ಷ, 6 ಸೆಪ್ಟೆಂಬರ್ 2018ರಂದು, ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು: ವಯಸ್ಸಿಗೆ ಬಂದ ಇಬ್ಬರು ಇಬ್ಬರ ಒಪ್ಪಿಗೆಯಿಂದ ಖಾಸಗಿಯಾಗಿ ಏನು ಮಾಡಿಕೊಂಡರೂ ಅದು ಅಪರಾಧವಲ್ಲ. 1 ಜುಲೈ 2024ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಂತೂ 377ರ ಜಾಗವೇ ಇಲ್ಲ.

ಹುಡುಗನ ಪ್ರಶ್ನೆಯ ಮೊದಲರ್ಧ ಇದು. ಎರಡನೆಯ ಅರ್ಧಕ್ಕೆ ಇನ್ನೊಂದು ಪುಸ್ತಕ ತೆಗೆಯಬೇಕು.

ಸೈನಿಕನಾದವನು ಎರಡು ಕಾನೂನುಗಳ ಕೆಳಗೆ ಬದುಕುತ್ತಾನೆ. ನಮಗೆಲ್ಲ ಅನ್ವಯಿಸುವುದು ಒಂದಾದರೆ, ಬ್ರಿಟಿಷರ 1911ರ ಸೇನಾ ಕಾಯ್ದೆಯ ಜಾಗಕ್ಕೆ ಬಂದ 1950ರ ಸೇನಾ ಕಾಯ್ದೆ ಇನ್ನೊಂದು. ವಾಯುಪಡೆಗೆ, ನೌಕಾಪಡೆಗೆ ಬೇರೆ ಬೇರೆ ಕಾಯ್ದೆಗಳಿವೆ, ಅಗ್ನಿವೀರರೂ ಇವುಗಳಿಗೆ ಒಳಪಟ್ಟವರೇ. ಸೇನಾ ಕಾಯ್ದೆಯ 46ನೇ ಸೆಕ್ಷನ್ ಕ್ರೂರ, ಅಸಭ್ಯ ಅಥವಾ ‘ಅಸಹಜ’ ರೀತಿಯ ನಾಚಿಕೆಗೇಡಿನ ನಡತೆಗೆ ಏಳು ವರ್ಷದವರೆಗೂ ಜೈಲು ಎನ್ನುತ್ತದೆ. ಅಧಿಕಾರಿ ತನ್ನ ಸ್ಥಾನಕ್ಕೆ ತಕ್ಕುದಲ್ಲದ ಹಾಗೆ ನಡೆದುಕೊಂಡರೆ 45ನೇ ಸೆಕ್ಷನ್ನಿನಲ್ಲಿ ಪದವಿ ಕಿತ್ತು ಮನೆಗೆ ಕಳಿಸಬಹುದು. ಸಲಿಂಗಪ್ರೇಮ ಎಂಬ ಮಾತು ಇವುಗಳಲ್ಲಿ ಎಲ್ಲೂ ಇಲ್ಲ. ‘ಅಸಹಜ’ ಅನ್ನುವ ಒಂದೇ ಪದ ಇದೆ. ಆ ಪದಕ್ಕೆ ಅರ್ಥ ತುಂಬುವವರು ಮೇಲಧಿಕಾರಿಗಳು ಮತ್ತು ಕೋರ್ಟ್ ಮಾರ್ಷಲ್‌ನವರು. 377ನ್ನು ಇಳಿಸಿದ ತೀರ್ಪು ಈ ಪುಸ್ತಕದ ಮೇಲೆ ಕೈಯಿಡಲಿಲ್ಲ.

ಹಾಗೆ ಎರಡು ಪುಸ್ತಕ ಇರಲು ಬಿಟ್ಟದ್ದು ಸಂವಿಧಾನವೇ. ಸೇನೆಯವರ ಮೂಲಭೂತ ಹಕ್ಕುಗಳನ್ನು ಸಂಸತ್ತು ಎಷ್ಟು ಬೇಕೋ ಅಷ್ಟು ಮೊಟಕು ಮಾಡಬಹುದು ಎನ್ನುತ್ತದೆ 33ನೇ ವಿಧಿ. ಅವರು ಕರ್ತವ್ಯ ಸರಿಯಾಗಿ ಮಾಡಬೇಕು, ಶಿಸ್ತು ಉಳಿಯಬೇಕು ಎಂಬ ಕಾರಣಕ್ಕೆ. ಇದನ್ನು ನಾನು ಆಡಿಕೊಳ್ಳುವುದಿಲ್ಲ. ಗುಂಡು ಹಾರುವ ಜಾಗದಲ್ಲಿ ಸಂಘ ಕಟ್ಟಿಕೊಂಡು ಮುಷ್ಕರ ಹೂಡಲಾಗುವುದಿಲ್ಲ, ಅದು ಯಾರಿಗೂ ಅರ್ಥವಾಗುವ ಮಾತು. ಆದರೆ ಈ ವಿಧಿಯ ಒಂದು ಪರಿಣಾಮವನ್ನು ಗಮನಿಸಿ. ಸೇವೆಯಲ್ಲಿರುವ ಸೈನಿಕ ಅನುಮತಿಯಿಲ್ಲದೆ ಪತ್ರಿಕೆಯವರ ಮುಂದೆ ಬಾಯಿಬಿಡುವಂತಿಲ್ಲ. ಹಾಗಾಗಿ ಇದು ವಿಚಿತ್ರವಾದ ಚರ್ಚೆ. ನ್ಯಾಯಾಧೀಶರು ಮಾತಾಡಿದ್ದಾರೆ, ಜನರಲ್‌ಗಳು ಮಾತಾಡಿದ್ದಾರೆ, ಟೀವಿಯವರು ಮಾತಾಡಿದ್ದಾರೆ. ಯಾರ ಬದುಕಿನ ಮಾತೋ ಅವರೊಬ್ಬರನ್ನು ಬಿಟ್ಟು! ಸೇನೆ ತೊರೆದ ಮೇಜರ್ ಜೆ. ಸುರೇಶ್ ಅವರಂಥವರು ಹೊರಗೆ ಬಂದ ಮೇಲೆ ತಮ್ಮ ಬಗ್ಗೆ ಹೇಳಿಕೊಂಡರು. ಅವರ ಕಥೆಯಿಂದ ಪ್ರೇರಿತರಾಗಿ ನಿರ್ದೇಶಕ ಓನಿರ್ ಬರೆದ ಚಿತ್ರಕಥೆಗೆ ರಕ್ಷಣಾ ಸಚಿವಾಲಯ 2022ರಲ್ಲಿ ಒಪ್ಪಿಗೆ ಕೊಡಲಿಲ್ಲ.

ಸೇನೆಯ ನಿಲುವೇನು ಎಂಬುದನ್ನು ಆಗಿನ ದಂಡನಾಯಕ ಜನರಲ್ ಬಿಪಿನ್ ರಾವತ್ ಜನವರಿ 2019ರ ಪತ್ರಿಕಾಗೋಷ್ಠಿಯಲ್ಲಿ ಹೇಳಿದ್ದರು. ಸೇನೆ ಕಾನೂನಿಗಿಂತ ಮೇಲಲ್ಲ, ಆದರೆ ಸೇನೆ ಸಂಪ್ರದಾಯಸ್ಥವಾದದ್ದು, ಇದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಸೇನಾ ಕಾಯ್ದೆಯಲ್ಲೇ ನೋಡಿಕೊಳ್ಳುತ್ತೇವೆ ಎಂಬುದು ಅವರ ಮಾತಿನ ತಿರುಳು. ವ್ಯಭಿಚಾರದ ವಿಷಯದಲ್ಲೂ ಹೀಗೇ ಆಯಿತು. ಅದೂ 2018ರ ಸೆಪ್ಟೆಂಬರಿನಲ್ಲೇ ಅಪರಾಧದ ಪಟ್ಟಿಯಿಂದ ಹೋಯಿತು. ಸರ್ಕಾರ ಮತ್ತೆ ಕೋರ್ಟಿಗೆ ಹೋಗಿ, ಸೇನೆಯೊಳಗೆ ಅದಕ್ಕೆ ಕ್ರಮ ಜರುಗಿಸಬಹುದೆಂದು 31 ಜನವರಿ 2023ರಂದು ಸ್ಪಷ್ಟನೆ ಪಡೆಯಿತು.

ಸೇನೆಯವರ ವಾದಗಳನ್ನು ಒಂದೊಂದಾಗಿ ನೋಡೋಣ. ಗೇಲಿ ಮಾಡುವಂಥವಲ್ಲ ಅವು.

ಬ್ಯಾರಕ್ಕಿನಲ್ಲಿ ಸಾಲಾಗಿ ಮಲಗುತ್ತಾರೆ, ಒಂದೇ ನಲ್ಲಿಯ ಕೆಳಗೆ ಸ್ನಾನ ಮಾಡುತ್ತಾರೆ, ಮುಜುಗರವಾಗುವುದಿಲ್ಲವೇ ಎಂದು ಕೇಳುತ್ತಾರೆ. ಸಂಕೋಚ ನಿಜವಾದದ್ದೇ. ಆದರೆ ಈಗಲೂ ಅಲ್ಲಿ ಅಂಥವರು ಇದ್ದಾರೆ, ಹಿಂದೆಯೂ ಇದ್ದರು. ಗೊತ್ತಿಲ್ಲದೆ ಇರುವಾಗ ನಡೆದ ಸ್ನಾನ ಗೊತ್ತಾದ ಕೂಡಲೇ ಕೆಡುವುದು ಹೇಗೆ ಎಂಬುದಕ್ಕೆ ಸಮಾಧಾನವಾಗುವ ಉತ್ತರ ನನಗೆ ಸಿಕ್ಕಿಲ್ಲ. ಮೇಲಧಿಕಾರಿ ಕೆಳಗಿನವನನ್ನು ಬಳಸಿಕೊಂಡರೆ? ಇದು ಗಟ್ಟಿಯಾದ ಪ್ರಶ್ನೆ. ಹುದ್ದೆಯ ಬಲದಿಂದ ಕೆಳಗಿನವರನ್ನು ಮುಟ್ಟುವವನು ಗಂಡಸನ್ನು ಮುಟ್ಟಿದರೂ ಹೆಂಗಸನ್ನು ಮುಟ್ಟಿದರೂ ಶಿಕ್ಷೆ ಆಗಲೇಬೇಕು, ಅದಕ್ಕೆ ಬಿಗಿಯಾದ ನಿಯಮ ಇರಲೇಬೇಕು. ಅಂಥ ನಿಯಮಕ್ಕೂ ‘ಅಸಹಜ’ ಎಂಬ ಪದಕ್ಕೂ ನಂಟಿಲ್ಲ. ಶತ್ರುಗಳು ಗುಟ್ಟು ತಿಳಿದು ಹೆದರಿಸಿ ರಹಸ್ಯ ಕಕ್ಕಿಸಬಹುದು ಎಂಬ ಮಾತೂ ಇದೆ. ಇದೊಂದು ತನ್ನ ಬಾಲವನ್ನೇ ಕಚ್ಚುವ ಹಾವು: ಗುಟ್ಟಾಗಿಡಿ ಎಂದು ಹೇಳಿದವರು ಯಾರು?

ಇನ್ನು ಉಳಿದದ್ದು ದೊಡ್ಡ ವಾದ. ಇದನ್ನು ಕೇಳಿದಾಗಲೆಲ್ಲ ನನಗೆ ನಮ್ಮೂರಿನ ರಸ್ತೆಯೇ ಕಣ್ಣ ಮುಂದೆ ಬರುತ್ತದೆ. ಸೇನೆಯ ಬಹುಪಾಲು ಜವಾನರು ಹಳ್ಳಿಗಳಿಂದ ಬಂದವರು, ಹಳೆಯ ನಡಾವಳಿಯಲ್ಲಿ ಬೆಳೆದವರು, ಅವರು ಇದನ್ನು ಒಪ್ಪುವುದಿಲ್ಲ, ಒಪ್ಪದಿದ್ದರೆ ಪಲ್ಟನ್ನಿನ ಒಗ್ಗಟ್ಟು ಮುರಿಯುತ್ತದೆ. ಅಂದರೆ ಬೆಳಿಗ್ಗೆ ಐದೂವರೆಗೆ ಓಡುವ ಈ ಹುಡುಗರು ಒಪ್ಪುವುದಿಲ್ಲವಂತೆ! ಆ ಮಾತನ್ನು ನಮ್ಮ ಹೆಸರಿನಲ್ಲಿ ಆಡುತ್ತಿದ್ದಾರೆ, ನಮ್ಮನ್ನು ಕೇಳಿದವರು ಯಾರೂ ಇಲ್ಲ.

ಇದು ಹೊಸ ವಾದವೂ ಅಲ್ಲ. ಮಹಿಳಾ ಅಧಿಕಾರಿಗಳಿಗೆ ಸೇನೆಯಲ್ಲಿ ಕಾಯಂ ಹುದ್ದೆ ಕೊಡಬೇಕೆ ಎಂಬ ಬಬಿತಾ ಪುನಿಯಾ ಪ್ರಕರಣದಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿನ ಮುಂದೆ ಬರೆದುಕೊಟ್ಟದ್ದೂ ಇದನ್ನೇ: ಜವಾನರು ಹೆಚ್ಚಾಗಿ ಗ್ರಾಮೀಣ ಹಿನ್ನೆಲೆಯವರು, ಹೆಣ್ಣಿನ ಆಜ್ಞೆಗೆ ತಲೆಬಾಗಲು ಅವರ ಮನಸ್ಸು ಇನ್ನೂ ಹದಗೊಂಡಿಲ್ಲ. 17 ಫೆಬ್ರವರಿ 2020ರಂದು ನ್ಯಾಯಾಲಯ ಈ ವಾದವನ್ನು ತಳ್ಳಿಹಾಕಿತು. ಮರುವರ್ಷ ಮೇ 8ರಂದು ನಮ್ಮ ಬೆಂಗಳೂರಿನ ಮಿಲಿಟರಿ ಪೊಲೀಸ್ ತರಬೇತಿ ಕೇಂದ್ರದಿಂದ 83 ಹೆಣ್ಣುಮಕ್ಕಳು ಜವಾನರಾಗಿ ಹೊರಬಂದರು, ಆ ದಳದ ಮೊದಲ ಮಹಿಳಾ ತಂಡ. ಸೇನೆ ಕುಸಿಯಲಿಲ್ಲ.

ಇನ್ನೂ ಹಿಂದಕ್ಕೆ ಹೋಗಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷರು ಮಹಾರರನ್ನು ಸೇನೆಗೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿದರು. ‘ವೀರ ಜನಾಂಗ’ಗಳ ಪಟ್ಟಿ ಬಂತು, ಅಸ್ಪೃಶ್ಯರು ಹೊರಗಾದರು. ಅದಕ್ಕೆ ಮೊದಲು ತಲೆಮಾರುಗಳ ಕಾಲ ಬಂದೂಕು ಹಿಡಿದವರು ಅವರು, ಡಾ. ಅಂಬೇಡ್ಕರರ ತಂದೆ ರಾಮ್‌ಜಿ ಸಕ್ಪಾಲರೂ ಸೇನೆಯಲ್ಲಿ ಸುಬೇದಾರರಾಗಿದ್ದವರು. ಮೇಲ್ಜಾತಿಯ ಸಿಪಾಯಿ ಅವರ ಪಕ್ಕದಲ್ಲಿ ಉಣ್ಣುತ್ತಾನೆಯೇ, ಅವರ ಆಜ್ಞೆ ಕೇಳುತ್ತಾನೆಯೇ ಎಂಬ ಅಂಜಿಕೆಯೂ ಆ ಕಾಲದ ಮಾತುಗಳಲ್ಲಿತ್ತು. ಎರಡನೆಯ ಮಹಾಯುದ್ಧ ಬಂದು ಜನ ಬೇಕಾದಾಗ, 1941ರ ಅಕ್ಟೋಬರಿನಲ್ಲಿ, ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟ್ ಕಟ್ಟಿದರು. ಆ ರೆಜಿಮೆಂಟಿನಲ್ಲಿ ಸೇವೆ ಆರಂಭಿಸಿದ ಕೆ.ವಿ. ಕೃಷ್ಣರಾವ್, ಕೆ. ಸುಂದರ್‌ಜೀ ಇಬ್ಬರೂ ಮುಂದೆ ದೇಶದ ದಂಡನಾಯಕರಾದರು. ಜಾತಿ ಬೇರೆ, ಪ್ರೀತಿ ಬೇರೆ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಎನ್ನುವವರಿದ್ದಾರೆ. ಒಪ್ಪಿದೆ. ನಾನು ಹೋಲಿಸುತ್ತಿರುವುದು ವಾದದ ಅಚ್ಚನ್ನು ಮಾತ್ರ. ‘ನನಗೇನೂ ಅಭ್ಯಂತರವಿಲ್ಲ, ಪಕ್ಕದವನು ಒಪ್ಪುವುದಿಲ್ಲ’ ಎನ್ನುವ ಆ ಅಚ್ಚಿನಲ್ಲಿ ಎಷ್ಟು ಇಟ್ಟಿಗೆ ಬೇಕಾದರೂ ಎರೆಯಬಹುದು.

ಹೊರದೇಶಗಳಲ್ಲಿ ಈ ಅಚ್ಚು ಮುರಿದದ್ದು ಹೇಗೆ ಎಂದು ಸ್ವಲ್ಪ ಹೇಳಬೇಕು. ನೆದರ್‌ಲ್ಯಾಂಡ್ಸ್ 1974ರಲ್ಲೇ ನಿಷೇಧ ತೆಗೆಯಿತು. ಕೆನಡಾ, ಆಸ್ಟ್ರೇಲಿಯಾ 1992ರಲ್ಲಿ. ಮಗ್ಗುಲಲ್ಲೇ ಯುದ್ಧವಿಟ್ಟುಕೊಂಡು ಮಲಗುವ ಇಸ್ರೇಲ್ 1993ರಲ್ಲಿ. ಬ್ರಿಟನ್ ಬಹಳ ಹಟ ಮಾಡಿತು. ಅಲ್ಲಿ ಅನುಮಾನ ಬಂದವರನ್ನು ಮಿಲಿಟರಿ ಪೊಲೀಸರು ಕೂರಿಸಿಕೊಂಡು ಮಲಗುವ ಕೋಣೆಯ ಪ್ರಶ್ನೆಗಳನ್ನೆಲ್ಲ ಕೇಳುತ್ತಿದ್ದರು, ಆಮೇಲೆ ಹೊರಗೆ ಹಾಕುತ್ತಿದ್ದರು. ಹಾಗೆ ಹೊರಬಿದ್ದ ವಾಯುಪಡೆಯ ಜೀನೆಟ್ ಸ್ಮಿತ್ ಮತ್ತು ಗ್ರೇಮ್ ಗ್ರೇಡಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋದರು. 27 ಸೆಪ್ಟೆಂಬರ್ 1999ರ ತೀರ್ಪು ಪೂರ್ತಿ ನಮ್ಮ ಕಟ್ಟೆಯ ಪ್ರಶ್ನೆಗೇ ಉತ್ತರ ಕೊಟ್ಟಂತಿದೆ: ಬಹುಸಂಖ್ಯಾತ ಸಹೋದ್ಯೋಗಿಗಳಿಗೆ ಇಷ್ಟವಿಲ್ಲ ಎಂಬುದು, ಅಷ್ಟೇ ಕಾರಣವಾದರೆ, ಒಬ್ಬನನ್ನು ಹೊರಹಾಕಲು ಸಾಲದು; ಬಣ್ಣದ, ಹುಟ್ಟಿನ ಕಾರಣಕ್ಕೆ ಇರುವ ಅಂಥದೇ ಅಸಹನೆ ಹೇಗೆ ಸಾಲದೋ ಹಾಗೆ. ಮುಂದಿನ ಜನವರಿಯಲ್ಲಿ ಬ್ರಿಟನ್ ನಿಷೇಧ ಎತ್ತಿತು. 2023ರ ಜುಲೈಯಲ್ಲಿ ಪ್ರಧಾನಿ ರಿಷಿ ಸುನಕ್ ಸಂಸತ್ತಿನಲ್ಲಿ ದೇಶದ ಪರವಾಗಿ ಕ್ಷಮೆ ಕೇಳಿದರು. ನಮಗೆ ‘ಅಸಹಜ’ ಎಂಬ ಪದ ಕಲಿಸಿದವರು ತಾವೇ ಆ ಪಾಠ ಅಳಿಸಿ ಇಪ್ಪತ್ತೈದು ವರ್ಷವಾಯಿತು. ನಾವು ಮಾತ್ರ ಅವರ ಹಳೆಯ ನೋಟ್ಸ್ ಉರು ಹೊಡೆಯುತ್ತಿದ್ದೇವೆ.

ಅಮೆರಿಕದ್ದು ಇನ್ನೊಂದು ಬಗೆ. ಅದನ್ನು ತುಸು ನಿಂತು ನೋಡಬೇಕು, ಏಕೆಂದರೆ ಅದು ನಮ್ಮ ಹಳ್ಳಿಯ ರೀತಿಯದು. 1993ರಲ್ಲಿ ಅಲ್ಲಿ ಒಂದು ರಾಜಿ ಸೂತ್ರ ಕಾನೂನಾಯಿತು. ಅದಕ್ಕೆ ಜನ ಇಟ್ಟ ಹೆಸರನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ‘ನಾವು ಕೇಳೋದಿಲ್ಲ, ನೀನು ಹೇಳಬೇಡ’. ಇರಬಹುದು, ಬಾಯಿಬಿಡುವಂತಿಲ್ಲ. ಯಾರೋ ಬರೆದ ಕಾಗದ ಸಿಕ್ಕಿತು, ಯಾರದೋ ಜೊತೆಗಿನ ಫೋಟೋ ಸಿಕ್ಕಿತು ಎಂದರೆ ಮುಗಿಯಿತು. ಹೀಗೆ ಕೆಲಸ ಕಳೆದುಕೊಂಡವರು 13,000ಕ್ಕೂ ಹೆಚ್ಚು. ಕೊನೆಗೆ 2010ರಲ್ಲಿ ಪೆಂಟಗನ್ ಸೈನಿಕರನ್ನೇ ಕೇಳಿತು. ಸುಮಾರು 1,15,000 ಮಂದಿ ಉತ್ತರಿಸಿದರು. ಸಲಿಂಗಪ್ರೇಮಿ ಎಂದು ತಾವು ತಿಳಿದ ಒಬ್ಬರ ಜೊತೆ ನಿಜವಾಗಿ ಕೆಲಸ ಮಾಡಿದ್ದವರಲ್ಲಿ ಶೇಕಡಾ 92 ಜನ, ತಮ್ಮ ತುಕಡಿ ಚೆನ್ನಾಗಿಯೇ ನಡೆದಿತ್ತು ಅಥವಾ ಒಳ್ಳೆಯದೂ ಕೆಟ್ಟದ್ದೂ ಏನೂ ಇರಲಿಲ್ಲ ಎಂದರು. ಗೊತ್ತಿಲ್ಲದವರನ್ನು ಕುರಿತ ಹೆದರಿಕೆ ಗೊತ್ತಿದ್ದವರಲ್ಲಿ ಇರಲಿಲ್ಲ. 20 ಸೆಪ್ಟೆಂಬರ್ 2011ರಂದು ಆ ಕಾನೂನು ಮುಗಿಯಿತು. ಅಲ್ಲಿ ಎಲ್ಲ ಸರಿಹೋಯಿತೆಂದಲ್ಲ. ಲಿಂಗಪರಿವರ್ತಿತ ಸೈನಿಕರನ್ನು ಹೊರಗೆ ಕಳಿಸುವ ಆದೇಶ 2025ರಲ್ಲಿ ಬಂತು. ಆದರೆ ಅದು ನಾನು ಆಗಲೇ ಹೇಳಿದ ‘ನಾನು ಗಂಡೋ ಹೆಣ್ಣೋ’ ಎಂಬ ಮೊದಲನೆಯ ಪ್ರಶ್ನೆಯ ಜಗಳ.

‘ನಾವು ಕೇಳೋದಿಲ್ಲ, ನೀನು ಹೇಳಬೇಡ’ ಎಂಬುದನ್ನು ಓದಿದಾಗ ನನಗೆ ನಗು ಬಂತು. ಇದನ್ನು ಕಂಡುಹಿಡಿಯಲು ಅಮೆರಿಕದವರಿಗೆ ಕಾನೂನು ಬೇಕಾಯಿತೇ? ನಮ್ಮ ಊರುಗಳು ನಡೆಯುವುದೇ ಹೀಗೆ. ನಲವತ್ತು ದಾಟಿದರೂ ಮದುವೆಯಾಗದ ಗಂಡಸು ಯಾವ ಊರಲ್ಲಿ ಇಲ್ಲ? ‘ಜಾತಕ ಕೂಡಿಬರ್ಲಿಲ್ಲ’ ಅನ್ನುತ್ತಾರೆ ಮನೆಯವರು, ‘ಹೌದೌದು’ ಅನ್ನುತ್ತದೆ ಊರು. ಅವನ ಗೆಳೆಯ ಜಾತ್ರೆಗೆ ಬರುತ್ತಾನೆ, ಕಾಫಿ ಕುಯ್ಲಿಗೆ ಬರುತ್ತಾನೆ, ಅಮ್ಮನಿಗೆ ಹುಷಾರಿಲ್ಲದಾಗ ಹಾಸನದ ಆಸ್ಪತ್ರೆಯಲ್ಲಿ ರಾತ್ರಿ ಕಾಯುತ್ತಾನೆ. ಗೊತ್ತಿರುವವರಿಗೆ ಗೊತ್ತು. ಯಾರೂ ಕೇಳುವುದಿಲ್ಲ. ಇದನ್ನು ನಾನು ನಮ್ಮ ಹಳ್ಳಿಯ ದೊಡ್ಡತನ ಎಂದು ಬಹಳ ವರ್ಷ ನಂಬಿದ್ದೆ. ಬಡಿಗೆ ಹಿಡಿದು ಓಡಿಸುವವರಿಗಿಂತ ಇದು ಮೇಲು ನಿಜ. ಆದರೆ ಆ ಮೌನದ ಬಾಡಿಗೆ ಕಟ್ಟುವವನು ಅವನೊಬ್ಬನೇ ಅನ್ನುವುದು ತಡವಾಗಿ ಹೊಳೆಯಿತು. ಬಾಡಿಗೆ ಕಟ್ಟಲಾಗದೆ ಮದುವೆಯಾದರೆ, ಆಮೇಲೆ ಕಟ್ಟುವವಳು ಏನೂ ಅರಿಯದ ಒಬ್ಬ ಹೆಣ್ಣುಮಗಳು.

ಅಂದು ಕಟ್ಟೆಯ ಮೇಲೆ ಪ್ರಶ್ನೆ ಕೇಳಿದ ಹುಡುಗನನ್ನು, ಯಾಕೆ ಕೇಳಿದೆ ಎಂದು ನಾನೂ ಕೇಳಲಿಲ್ಲ. ಅಭ್ಯಾಸಬಲ.

ಆದ್ದರಿಂದ ಹಳ್ಳಿಯವರು ಒಪ್ಪುವುದಿಲ್ಲ ಎಂಬ ಮಾತಿನಲ್ಲಿ ಅರ್ಧ ತಪ್ಪಿದೆ. ನಾವು ಇರುವುದನ್ನು ಒಪ್ಪಿಕೊಂಡವರೇ, ಹೇಳುವುದಕ್ಕೆ ಅಂಜುವವರು. ಅದು ಆ ಮೊದಲನೆಯ ಪ್ರಶ್ನೆಯ ಮಾತಾದರೂ, ಈ ನಾಡಿನ ಹಳ್ಳಿಗಳೇ ಜೋಗತಿಯರ ಕುಣಿತಕ್ಕೆ ಅಂಗಳ ಬಿಟ್ಟುಕೊಟ್ಟವು. ಆ ಪರಂಪರೆಯ ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, ಪದ್ಮಶ್ರೀ ಪಡೆದರು. ಸರ್ಕಾರಿ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1 ಮೀಸಲಾತಿಯನ್ನು ದೇಶದಲ್ಲೇ ಮೊದಲು, 2021ರಲ್ಲಿ, ತಂದದ್ದು ಕರ್ನಾಟಕ. ಅದೇ ವರ್ಷ ಛತ್ತೀಸಗಢದ ಪೊಲೀಸ್ ಇಲಾಖೆ 13 ಮಂದಿ ಲಿಂಗತ್ವ ಅಲ್ಪಸಂಖ್ಯಾತರನ್ನು ಕಾನ್‌ಸ್ಟೇಬಲ್‌ಗಳಾಗಿ ತೆಗೆದುಕೊಂಡಿತು. ಸೇನೆಯ ಬಾಗಿಲು ಮಾತ್ರ ಹಾಗೇ ಇದೆ. ಲಿಂಗ ಪರಿವರ್ತನೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನಾವಿಕೆ ಸಾಬಿ ಗಿರಿಯವರನ್ನು ನೌಕಾಪಡೆ 2017ರ ಅಕ್ಟೋಬರಿನಲ್ಲಿ ಹೊರಗೆ ಕಳಿಸಿತು.

ಸೈನ್ಯದ ಬಾಗಿಲು ಯಾರಿಗೆ ತೆರೆಯಬೇಕು ಎಂದು ನಮ್ಮ ಕಲ್ಲುಗಳನ್ನೂ ಕೇಳೋಣ. ನೀವು ಹಳೇಬೀಡಿಗೆ ಹೋಗಿದ್ದರೆ ಹೊಯ್ಸಳೇಶ್ವರ ದೇವಾಲಯದ ಪಕ್ಕ ಗರುಡಗಂಬವನ್ನು ನೋಡಿರುತ್ತೀರಿ. ಗೈಡುಗಳು ಅದನ್ನು ಬೇಗ ದಾಟಿಸಿಬಿಡುತ್ತಾರೆ, ಮಕ್ಕಳನ್ನು ಕರೆದೊಯ್ದಾಗ ನಾನು ಅಲ್ಲೇ ನಿಲ್ಲಿಸುತ್ತಿದ್ದೆ. ಇಮ್ಮಡಿ ವೀರಬಲ್ಲಾಳನ ಅಂಗರಕ್ಷಕ ಕುವರ ಲಕ್ಷ್ಮ, ಒಡೆಯ ಸತ್ತ ಮೇಲೆ ಹೆಂಡತಿಯೊಡನೆ, ಅವನಂತೆಯೇ ಪಣ ತೊಟ್ಟ ‘ಗರುಡ’ರೆಂಬ ಜೊತೆಗಾರರೊಡನೆ ಪ್ರಾಣ ಬಿಟ್ಟದ್ದನ್ನು ಅದರ ಶಾಸನ ಹೇಳುತ್ತದೆ. ಕತ್ತಿಯಿಂದ ತಮ್ಮ ತಲೆಯನ್ನು ತಾವೇ ತೆಗೆಯುತ್ತಿರುವ ವೀರರ ಶಿಲ್ಪ ಕಂಬದ ಮೇಲಿದೆ. ಒಡೆಯನ ಜೊತೆ ಸಾಯುವ ಈ ಪಣಕ್ಕೆ ಹಳಗನ್ನಡದಲ್ಲಿ ವೇಳೆವಾಳಿ ಎಂದು ಹೆಸರು. ಸೈನ್ಯ ಒಬ್ಬನಿಂದ ಕೇಳುವುದು ಏನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಪುಸ್ತಕದಲ್ಲಿಲ್ಲ. ನಮ್ಮ ಸುತ್ತಿನ ವೀರಗಲ್ಲುಗಳನ್ನೂ ನೋಡಿ. ಕೆಳಗಿನ ಅಂಕಣದಲ್ಲಿ ಕಾದಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತಿರುವುದು. ತುರುಗೋಳಿನಲ್ಲಿ ಸತ್ತ, ಊರಳಿವಿನಲ್ಲಿ ಸತ್ತ. ಕಲ್ಲಿಗೆ ಬೇಕಾದದ್ದು ಅಷ್ಟೇ.

ಅಂಥದೇ ಒಂದು ಕಲ್ಲು ವಾಷಿಂಗ್ಟನ್ನಿನ ಒಂದು ಸ್ಮಶಾನದಲ್ಲಿದೆ. ಅಮೆರಿಕದ ವಾಯುಪಡೆಯ ಸಾರ್ಜೆಂಟ್ ಲಿಯೊನಾರ್ಡ್ ಮ್ಯಾಟ್ಲೊವಿಚ್ ವಿಯೆಟ್ನಾಮಿಗೆ ಮೂರು ಸಲ ಹೋಗಿ ಕಾದಿದವನು, ಗಾಯಗೊಂಡು ಪದಕ ಪಡೆದವನು. 1975ರಲ್ಲಿ ತಾನು ಸಲಿಂಗಪ್ರೇಮಿ ಎಂದು ಮೇಲಧಿಕಾರಿಗಳಿಗೆ ತಾನೇ ಬರೆದುಕೊಟ್ಟ. ಅವನನ್ನು ಹೊರಹಾಕಿದರು. 1988ರಲ್ಲಿ ತೀರಿಕೊಂಡ. ತಲೆಗಲ್ಲಿನ ಮೇಲೆ ತನ್ನ ಹೆಸರನ್ನೂ ಕೆತ್ತಿಸಿಕೊಳ್ಳದೆ, ವಿಯೆಟ್ನಾಮಿನಲ್ಲಿ ಕಾದಿದ ಒಬ್ಬ ಸಲಿಂಗಪ್ರೇಮಿ ಎಂದಷ್ಟೇ ಬರೆಸಿದ್ದ. ಇಬ್ಬರನ್ನು ಕೊಂದದ್ದಕ್ಕೆ ಪದಕ ಸಿಕ್ಕಿತು, ಒಬ್ಬನನ್ನು ಪ್ರೀತಿಸಿದ್ದಕ್ಕೆ ಕೆಲಸ ಹೋಯಿತು ಎಂಬ ಅರ್ಥದ ಸಾಲೂ ಅದರಲ್ಲಿದೆ. ನಾನು ಆ ಕಲ್ಲಿನ ಫೋಟೋ ಮಾತ್ರ ನೋಡಿದ್ದೇನೆ. ಅಂಕಣಗಳಿಲ್ಲ, ಅಪ್ಸರೆಯರಿಲ್ಲ, ಆದರೂ ಅದು ವೀರಗಲ್ಲೇ.

ಹುಡುಗರಿಗೆ ಉಪಯೋಗಕ್ಕೆ ಬರುವ ಒಂದು ಮಾತು ಹೇಳಿ ಮುಗಿಸುತ್ತೇನೆ. ಸೇನೆ ಸೇರುವಾಗ ತುಂಬಬೇಕಾದ ಕಾಗದಗಳಲ್ಲಿ ನಾಮಿನಿ ಎಂಬ ಕಾಲಂ ಬರುತ್ತದೆ. ಅಗ್ನಿವೀರನಿಗೆ 48 ಲಕ್ಷ ರೂಪಾಯಿಯ ವಿಮೆ ಇದೆ. ನಿಮಗೇನಾದರೂ ಆದರೆ ಅದು ಯಾರಿಗೆ ಹೋಗಬೇಕು, ಅವರು ನಿಮಗೆ ಏನಾಗಬೇಕು ಎಂದು ಅಲ್ಲಿ ಬರೆಯಬೇಕು. ತಂದೆ, ತಾಯಿ, ಹೆಂಡತಿ. ಕಾಯಂ ಸೈನಿಕನಾದರೆ ಕುಟುಂಬ ಪಿಂಚಣಿ, ಕ್ವಾರ್ಟರ್ಸ್, ಆಸ್ಪತ್ರೆ, ಕ್ಯಾಂಟೀನ್ ಕಾರ್ಡು ಎಲ್ಲ ಆ ಸಂಬಂಧದ ಹೆಸರಿನ ಮೇಲೆಯೇ ನಡೆಯುತ್ತವೆ. ಸಲಿಂಗಿಗಳ ಮದುವೆಗೆ ಮನ್ನಣೆ ಕೊಡಲು 17 ಅಕ್ಟೋಬರ್ 2023ರಂದು ಸುಪ್ರೀಂ ಕೋರ್ಟು ಒಪ್ಪಲಿಲ್ಲ, ಅದನ್ನು ಸಂಸತ್ತಿಗೆ ಬಿಟ್ಟಿತು. ಹಾಗಾಗಿ ನಾಳೆ 46ನೇ ಸೆಕ್ಷನ್ನಿನ ‘ಅಸಹಜ’ ಎಂಬ ಪದವನ್ನು ಯಾರಾದರೂ ಅಳಿಸಿದರೂ, ಈ ಕಾಲಂನಲ್ಲಿ ಬರೆಯಲು ಒಂದು ಪದ ಇನ್ನೂ ಹುಟ್ಟಬೇಕಾಗಿದೆ.

ಹುತಾತ್ಮನಾದ ಯೋಧನ ದೇಹ ಊರಿಗೆ ಬರುವುದನ್ನು ನೀವು ನೋಡಿರುತ್ತೀರಿ. ಶಾಲೆಯ ಮಕ್ಕಳನ್ನು ರಸ್ತೆಯ ಎರಡೂ ಬದಿ ನಿಲ್ಲಿಸುತ್ತಾರೆ, ಹೂವಿನ ಅಲಂಕಾರದ ಲಾರಿ ಮೆಲ್ಲಗೆ ಬರುತ್ತದೆ, ಗಾಳಿಯಲ್ಲಿ ಗುಂಡು ಹಾರಿಸಿ ಗೌರವ ಸಲ್ಲಿಸುತ್ತಾರೆ. ಪೆಟ್ಟಿಗೆಯ ಮೇಲಿನ ಬಾವುಟವನ್ನು ಮಡಿಸಿ ಒಬ್ಬ ಅಧಿಕಾರಿ ಎರಡೂ ಕೈಯಲ್ಲಿ ಹಿಡಿದು ತಾಯಿಗೋ ಹೆಂಡತಿಗೋ ಕೊಡುತ್ತಾರೆ. ಆ ಜನಜಂಗುಳಿಯಲ್ಲಿ, ತುಂಬ ಹಿಂದೆ, ಚಪ್ಪಲಿ ಬಿಟ್ಟ ಕಡೆ ಇನ್ನೊಬ್ಬ ನಿಂತಿರುತ್ತಾನೆ. ‘ಜೊತೇಲಿ ಓದಿದವನಂತೆ, ಪಾಪ, ಅರಸೀಕೆರೆಯಿಂದ ರಾತ್ರಿ ರೈಲಿಗೆ ಬಂದಿಳಿದನಂತೆ’ ಎಂದು ಪಕ್ಕದವರು ಹೇಳಿಕೊಳ್ಳುತ್ತಿರುತ್ತಾರೆ.